ಬೀದರಿನ ಸರ್ವರಿಗೆ ಯಾವ ಭಾಷೆ ಬೇಕು?

ಬೀದರ, ಭಾಲ್ಕಿ, ಔರಾದ ಕಡೆಯ ಎಂಜಿನಿಯರಿಂಗ್ ಹುಡುಗರು ಎದುರಾದರೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಯಾವ ಲ್ಯಾಂಗ್ವೇಜ್ ಕಲಿಬೇಕ್ರಿ?" ಕೇಳುವಾಗ ಅವರ ಮನಸ್ಸಿನಲ್ಲಿರೋದು ಬೆಂಗಳೂರಿನದೋ ಹೈದರಾಬಾದಿನದೋ ಸಾಫ್ಟ್‌ವೇರ್ ಕಂಪನಿ. ಆದರೆ ಅವರಲ್ಲಿ ಹಲವರಿಗೆ ಮೊದಲು ಸಿಗುವ ಕೆಲಸ ಬೇರೆಯದು. ಯಾವುದೋ ಕಚೇರಿ, ಕಾಲೇಜು, ಆಸ್ಪತ್ರೆ ಅಥವಾ ಸಹಕಾರ ಸಂಘದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಹುದ್ದೆಯ ಹೆಸರು ಕಂಪ್ಯೂಟರ್ ಆಪರೇಟರ್ ಅಂತಿರಬಹುದು, ಲ್ಯಾಬ್ ಅಸಿಸ್ಟೆಂಟ್ ಅಂತಿರಬಹುದು. ಮಾಡೋದು ಮಾತ್ರ ಸಿಸ್ಟಮ್ ಅಡ್ಮಿನ್ ಕೆಲಸವನ್ನೇ.

ಏನದು ಕೆಲಸ? ರಾತ್ರಿ ಡೇಟಾದ ಬ್ಯಾಕಪ್ ತೆಗೆಯೋದು. ಡಿಸ್ಕ್ ತುಂಬುವ ಮೊದಲೇ ಗೊತ್ತಾಗುವಂತೆ ಮಾಡೋದು. ನಲವತ್ತು ಕಂಪ್ಯೂಟರುಗಳಲ್ಲಿ ಒಂದೇ ಬದಲಾವಣೆ ಮಾಡೋದು. ಹತ್ತು ಊರಿನಿಂದ ಬಂದ ಹತ್ತು ಪಟ್ಟಿಗಳನ್ನು ಸೇರಿಸಿ ಒಂದು ಮಾಡೋದು. ಇದನ್ನೆಲ್ಲ ಕೈಯಲ್ಲಿ ಮಾಡಿ ಬೇಸತ್ತವರು ಸಣ್ಣ ಪ್ರೋಗ್ರಾಂ ಬರೆಯುತ್ತಾರೆ, ಅದಕ್ಕೆ ಸ್ಕ್ರಿಪ್ಟ್ ಅನ್ನೋ ಹೆಸರು. ಇದು ಸರಿಯಾಗಿ ನಡೆಯುತ್ತಿರುವಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಕೆಲಸಕ್ಕೆ ಯಾವ ಭಾಷೆ ಅನ್ನೋ ಪ್ರಶ್ನೆಗೆ ಇಂಟರ್ನೆಟ್ಟಿನಲ್ಲಿ ಸಿಗುವ ಉತ್ತರಗಳು ವೇಗ, ಸಂಬಳ, ಜನಪ್ರಿಯತೆ ಇವುಗಳ ಸುತ್ತ ಸುತ್ತುತ್ತವೆ. ನನ್ನ ಪ್ರಕಾರ ನಮ್ಮ ಕಡೆಯ ಕಚೇರಿಗಳಿಗೆ ಬೇಕಾದ ಪ್ರಶ್ನೆಗಳು ಎರಡು. ಈ ಸ್ಕ್ರಿಪ್ಟಿನ ಮೂಲಕ ಕನ್ನಡ ಹಾದುಹೋಗುತ್ತದೆಯೇ? ನೀವು ಕೆಲಸ ಬಿಟ್ಟ ಮೇಲೆ ಇದನ್ನು ತೆರೆದು ಓದುವವರು ಯಾರು?

ಮೊದಲನೆಯದರಿಂದ ಶುರುಮಾಡೋಣ.

ಅಷ್ಟೂರ ಅಂದರೆ ಎಷ್ಟು ಅಕ್ಷರ?

ಬೀದರ ನಗರದ ಪೂರ್ವಕ್ಕೆ, ಬಹಮನಿ ಸುಲ್ತಾನರ ಗುಮ್ಮಟಗಳಿರುವ ಊರು ಅಷ್ಟೂರ. ಕಣ್ಣಿಗೆ ಕಾಣುವುದು ಮೂರು ಅಕ್ಷರ: ಅ, ಷ್ಟೂ, ರ. ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತ, ಯಾಕಂದ್ರೆ ಷ, ಹಲಂತದ ಗುರುತು, ಟ, ಊ ಸ್ವರದ ಚಿಹ್ನೆ ಇವೆಲ್ಲ ಬೇರೆ ಬೇರೆ. ಡಿಸ್ಕಿನ ಮೇಲೆ ಯುಟಿಎಫ್-8 ರೂಪದಲ್ಲಿ ಬರೆದಾಗ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು, ಹಾಗಾಗಿ ಒಟ್ಟು 18 ಬೈಟ್. ಮೂರು, ಆರು, ಹದಿನೆಂಟು. ನೀವು ಆರಿಸಿದ ಭಾಷೆ ಇವುಗಳಲ್ಲಿ ಯಾವುದನ್ನು 'ಉದ್ದ' ಅಂತ ಹೇಳುತ್ತದೆ ಅನ್ನೋದರ ಮೇಲೆ ನಿಮ್ಮ ಪಟ್ಟಿ ಸರಿಯಾಗುವುದೋ ಕೆಡುವುದೋ ನಿರ್ಧಾರವಾಗುತ್ತದೆ.

ಪೈಥಾನ್ 3 ಆರು ಅನ್ನುತ್ತದೆ. ಬ್ಯಾಷ್ ಶೆಲ್ ಕೂಡ ಆರು ಅನ್ನುತ್ತದೆ, ಆದರೆ ಯಂತ್ರದ ಭಾಷಾ ಸೆಟ್ಟಿಂಗ್ ಯುಟಿಎಫ್-8 ಇದ್ದರೆ ಮಾತ್ರ. ಅದೇ ಸ್ಕ್ರಿಪ್ಟನ್ನು ರಾತ್ರಿ ಎರಡಕ್ಕೆ ಓಡುವಂತೆ ಕ್ರಾನ್‌ಗೆ ಹಾಕಿದರೆ, ಅಲ್ಲಿ ಎಷ್ಟೋ ಸಲ ಆ ಸೆಟ್ಟಿಂಗ್ ಇರುವುದಿಲ್ಲ. ಆಗ ಬ್ಯಾಷ್ ಹದಿನೆಂಟು ಅನ್ನುತ್ತದೆ. ಹಗಲು ನಿಮ್ಮ ಕಣ್ಣೆದುರು ಸರಿಯಾಗಿ ನಡೆದದ್ದು ರಾತ್ರಿ ಬೇರೆ ಥರ ನಡೆಯುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಆಕ್ ಅಂತ ಟೈಪ್ ಮಾಡಿದರೆ ಸಾಮಾನ್ಯವಾಗಿ ಓಡುವ ಎಂಆಕ್ ಯಾವಾಗಲೂ ಬೈಟ್ ಎಣಿಸುವಂಥದ್ದು, ಜಿಆಕ್ ಹಾಕಿಕೊಂಡರೆ ಅಕ್ಷರ ಎಣಿಸುತ್ತದೆ. ಹೆಸರಿನ ಮೊದಲ ಹತ್ತು ಅಕ್ಷರ ಕತ್ತರಿಸಿ ಇಡು ಅಂತ ಬರೆದ ಸಾಲು, ಬೈಟ್ ಎಣಿಸುವ ಕಡೆ ನಾಲ್ಕನೆಯ ಸಂಕೇತದ ನಡುವೆಯೇ ಕತ್ತರಿ ಹಾಕುತ್ತದೆ. ಉಳಿಯೋದು ಓದಲು ಬಾರದ ಚೌಕ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಲಿನಕ್ಸಿನ ಇಎಕ್ಸ್‌ಟಿ4 ಡಿಸ್ಕಿನಲ್ಲಿ ಫೈಲಿನ ಹೆಸರು 255 ಬೈಟ್ ದಾಟುವ ಹಾಗಿಲ್ಲ. ಇಂಗ್ಲಿಷಿನಲ್ಲಿ 255 ಅಕ್ಷರ ಅಂದರೆ ಧಾರಾಳ. ಕನ್ನಡದಲ್ಲಿ ಅದು 85 ಸಂಕೇತ ಮಾತ್ರ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಮಿತಿ ಬೈಟಿನದಲ್ಲ, ಅಲ್ಲಿ ಕನ್ನಡದ 255 ಸಂಕೇತಗಳೂ ಹಿಡಿಸುತ್ತವೆ. ನಮ್ಮ ಸುತ್ತೋಲೆಗಳ ವಿಷಯದ ಸಾಲು ಎಷ್ಟು ಉದ್ದ ಇರುತ್ತದೆ ಅಂತ ನಿಮಗೇ ಗೊತ್ತು. ಅದನ್ನೇ ಫೈಲಿನ ಹೆಸರಾಗಿ ಇಡುವ ಅಭ್ಯಾಸವೂ ಇದೆ. ವಿಂಡೋಸ್ ಯಂತ್ರದಲ್ಲಿ ಸುಖವಾಗಿದ್ದ ಅಂಥ ಫೈಲು ಲಿನಕ್ಸ್ ಬ್ಯಾಕಪ್ ಸರ್ವರಿಗೆ ನಕಲಾಗುವುದಿಲ್ಲ. ಸ್ಕ್ರಿಪ್ಟ್ ಆ ದೋಷವನ್ನು ಯಾರಿಗೂ ಹೇಳದೆ ಮುಂದೆ ಹೋದರೆ, ಬ್ಯಾಕಪ್ ಇದೆ ಅಂತ ನಂಬಿಕೊಂಡ ಫೈಲು ಬ್ಯಾಕಪ್ಪಿನಲ್ಲಿ ಇರುವುದೇ ಇಲ್ಲ.

ಹೆಸರುಗಳ ಗೋಳು ಇಲ್ಲಿಗೆ ಮುಗಿಯಲ್ಲ. ಅಷ್ಟೂರ, ಅಷ್ಟೂರು, ಇಂಗ್ಲಿಷಿನಲ್ಲಿ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಆ ಊರಿನ ಗುಮ್ಮಟದಲ್ಲಿ ಮಲಗಿರುವ ಅಹಮದ್ ಶಾಹನನ್ನೇ ಕೆಲವರು ವಲಿ ಅಂತ ನಡಕೊಳ್ಳುತ್ತಾರೆ, ಕೆಲವರು ಅಲ್ಲಮಪ್ರಭು ಅಂತ ಕರೆಯುತ್ತಾರೆ. ಜಾತ್ರೆ ಮಾತ್ರ ಒಂದೇ. ಕಂಪ್ಯೂಟರಿಗೆ ಆ ಉದಾರತೆ ಇಲ್ಲ. 'ಬೀದರ' ಅನ್ನುವ ಪದವನ್ನೇ ತಗೊಳ್ಳಿ. 'ಬೀ' ಬರೆಯಲು ಯೂನಿಕೋಡಿನಲ್ಲಿ ಎರಡು ದಾರಿ ಇವೆ. ದೀರ್ಘ ಈ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಹ್ರಸ್ವ ಇ ಚಿಹ್ನೆ ಮತ್ತು ದೀರ್ಘದ ಗುರುತು ಅಂತ ಬಿಡಿಸಿ ಇಡಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹೋಲಿಸಿ ನೋಡು ಅಂದರೆ ಯಂತ್ರ ಎರಡೂ ಬೇರೆ ಅನ್ನುತ್ತದೆ. ಹಳೆಯ ಮ್ಯಾಕ್ ಯಂತ್ರಗಳು ಫೈಲ್ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದವು. 'ರಾಜ್‌ಕುಮಾರ' ಎಂಬ ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಸಂಕೇತ ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ.

ಇದರಲ್ಲೇನು ದೊಡ್ಡ ವಿಷಯ ಅಂತೀರಾ? ಒಬ್ಬ ಹುಡುಗ ಇದ್ದಾನೆ ಅಂತಿಟ್ಟುಕೊಳ್ಳಿ. ಅಷ್ಟೂರದವನು, ಬಿ.ಇ. ಮುಗಿಸಿ ಬೀದರಿನ ಯಾವುದೋ ಕಚೇರಿಗೆ ಹೊರಗುತ್ತಿಗೆಯಲ್ಲಿ ಸೇರಿದ್ದಾನೆ. ಹಳೆಯ ಫಲಾನುಭವಿಗಳ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಹೋಲಿಸಿ, ಎರಡರಲ್ಲೂ ಇಲ್ಲದವರನ್ನು ತೆಗೆಯಲು ಸ್ಕ್ರಿಪ್ಟ್ ಬರೆಯುತ್ತಾನೆ. ಹೆಸರು ಹೆಸರಿಗೆ ತಾಳೆಯಾಗಲಿಲ್ಲ ಅಂದರೆ ಹೊರಗೆ. ಹಾಗೆ ಹೊರಬಿದ್ದ ಮುದುಕಿಗೆ ತಿಂಗಳ ಪಿಂಚಣಿ ಯಾಕೆ ನಿಂತಿತು ಅಂತ ಹೇಳಲು ಕೌಂಟರಿನಲ್ಲಿ ಕೂತವರಿಗೂ ಆಗುವುದಿಲ್ಲ. ಪರದೆ ಮೇಲೆ ಆಕೆಯ ಹೆಸರು ಎರಡೂ ಪಟ್ಟಿಯಲ್ಲಿ ಒಂದೇ ಥರ ಕಾಣುತ್ತಿರುತ್ತದಲ್ಲ!

ಇಂಥ ಕೆಲಸಕ್ಕೆ ಪೈಥಾನ್ 3 ಸರಿ ಅನ್ನೋದು ನನ್ನ ಅಭಿಪ್ರಾಯ. ಎರಡು ರೂಪದ 'ಬೀ'ಯನ್ನು ಒಂದು ಮಾಡುವ ಸಲಕರಣೆ ಅದರ ಜೊತೆಗೇ ಬರುತ್ತದೆ. ಸಿಎಸ್‌ವಿ ಓದೋದು, ಜಿಪ್ ಬಿಚ್ಚೋದು, ಎಸ್‌ಕ್ಯೂಲೈಟ್ ಡೇಟಾಬೇಸ್ ತೆರೆಯೋದು ಎಲ್ಲವೂ ಅದರಲ್ಲೇ ಇವೆ, ಇಂಟರ್ನೆಟ್ ಇಲ್ಲದ ಕೋಣೆಯಲ್ಲೂ ನಡೆಯುತ್ತದೆ. 2018ರಲ್ಲಿ ಬಂದ 3.7ರ ನಂತರ, ಕ್ರಾನ್‌ನಂಥ ಕಡೆ ಭಾಷಾ ಸೆಟ್ಟಿಂಗ್ ಇಲ್ಲದಿದ್ದರೂ ಅದು ತಾನಾಗಿ ಯುಟಿಎಫ್-8 ಹಿಡಿಯುತ್ತದೆ. ಇನ್ನು ಊರುಗಳ ವಿಷಯಕ್ಕೆ ಬಂದರೆ, ಹೆಸರಿನಿಂದ ತಾಳೆ ನೋಡುವ ಬದಲು 2011ರ ಜನಗಣತಿ ಪ್ರತಿ ಹಳ್ಳಿಗೂ ಕೊಟ್ಟಿರುವ ಆರಂಕಿಯ ಸಂಖ್ಯೆಯಿಂದ ತಾಳೆ ನೋಡಿದರೆ ಅರ್ಧ ತಲೆನೋವು ಹೋಗುತ್ತದೆ. ಇದು ಯಾವ ಭಾಷೆಯಲ್ಲಾದರೂ ಮಾಡಬಹುದಾದ ಬುದ್ಧಿವಂತಿಕೆ.

ಪೈಥಾನ್ ಕನ್ನಡಕ್ಕೆ ಪೂರ್ತಿ ಒಗ್ಗಿದೆ ಅಂತಲ್ಲ. ಅದರ ಜೊತೆಗೆ ಬರುವ ಪದ ಹುಡುಕುವ ವಿಧಾನ ಸ್ವರಚಿಹ್ನೆಗಳನ್ನೂ ಹಲಂತವನ್ನೂ ಪದದ ಭಾಗ ಅಂತ ಪರಿಗಣಿಸುವುದಿಲ್ಲ. 'ಅಷ್ಟೂರ'ದಲ್ಲಿ ಪದ ಹುಡುಕು ಅಂದರೆ 'ಅಷ', 'ಟ', 'ರ' ಅಂತ ಮೂರು ತುಂಡು ಕೈಗಿಡುತ್ತದೆ. ರೆಜೆಕ್ಸ್ ಅನ್ನೋ ಬೇರೆ ಮಾಡ್ಯೂಲ್ ಹಾಕಿಕೊಂಡರೆ ಸರಿಹೋಗುತ್ತದೆ. ಈ ವಿಷಯದಲ್ಲಿ ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಇವತ್ತಿಗೂ ಜಾಣ. ಕನ್ನಡ ಅಕ್ಷರಗಳನ್ನಷ್ಟೇ ಹುಡುಕು ಅಂತ ಅದಕ್ಕೆ ನೇರವಾಗಿ ಹೇಳಬಹುದು. ಹಾಗಿದ್ದರೂ ಪರ್ಲ್ ಕಲಿಯಿರಿ ಅಂತ ನಾನು ಹೇಳುವುದಿಲ್ಲ. ಕಾರಣ ಆಮೇಲೆ ಬರುತ್ತದೆ.

ಶೆಲ್ ಬಿಡಬೇಕಾ?

ಬಿಡಬೇಡಿ. ಲಿನಕ್ಸ್ ಸರ್ವರ್ ಮುಟ್ಟುವವರು ಶೆಲ್ ಬಾರದೆ ಇದ್ದರೆ ಸೈಕಲ್ ಕಲಿಯದೆ ಲಾರಿ ಹತ್ತಿದ ಹಾಗೆ. 1979ರಲ್ಲಿ ಯೂನಿಕ್ಸಿನ ಏಳನೇ ಆವೃತ್ತಿಯ ಜೊತೆ ಬಂದ ಬೋರ್ನ್ ಶೆಲ್‌ಗೆ ಬರೆದ ಸರಳ ಸಾಲುಗಳು ಇವತ್ತಿನ ಯಂತ್ರದಲ್ಲೂ ಓಡುತ್ತವೆ. ಪೈಥಾನ್ ಹಾಗಲ್ಲ. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೆ ಬೆಂಬಲ ನಿಂತಿತು, ಅದರಲ್ಲಿ ಬರೆದ ಎಷ್ಟೋ ಸ್ಕ್ರಿಪ್ಟುಗಳು ಪೈಥಾನ್ 3ರಲ್ಲಿ ಮೊದಲ ಸಾಲಿನಲ್ಲೇ ಮುಗ್ಗರಿಸುತ್ತವೆ. ನಾಲ್ಕು ಆದೇಶಗಳನ್ನು ಒಂದರ ಹಿಂದೊಂದು ಓಡಿಸಬೇಕು, ಒಂದು ಫೋಲ್ಡರ್ ನಕಲು ಮಾಡಬೇಕು, ಒಂದು ಸೇವೆ ನಿಲ್ಲಿಸಿ ಮತ್ತೆ ಶುರುಮಾಡಬೇಕು ಅಂದರೆ ಶೆಲ್ ಸಾಕು. ಅದಕ್ಕೆ ಪೈಥಾನ್ ಬಳಸುವುದು ವ್ಯರ್ಥ ಓಡಾಟ.

ಆದರೆ ಅದರ ಚಾಳಿಗಳು ಗೊತ್ತಿರಬೇಕು. 'ಅಷ್ಟೂರ ಪಿಂಚಣಿ ಪಟ್ಟಿ' ಅಂತ ಹೆಸರಿನ ಫೈಲು ಇದ್ದು, ಹೆಸರಿಗೆ ಉದ್ಧರಣ ಚಿಹ್ನೆ ಹಾಕದಿದ್ದರೆ ಶೆಲ್ ಅದನ್ನು ಮೂರು ಫೈಲು ಅಂತ ತಿಳಿಯುತ್ತದೆ. ನಮ್ಮ ತಾಲ್ಲೂಕಿನ ಹೆಸರು ಔರಾದ(ಬಿ). ಆ ಆವರಣ ಚಿಹ್ನೆಗೆ ಶೆಲ್ಲಿನಲ್ಲಿ ಬೇರೆಯೇ ಅರ್ಥವಿದೆ, ಹಾಗೇ ಟೈಪ್ ಮಾಡಿದರೆ ವ್ಯಾಕರಣ ದೋಷ ಅಂತ ಬಾಗಿಲು ಹಾಕುತ್ತದೆ. ಇದು ಕಣ್ಣಿಗೆ ಕಾಣುವ ದೋಷ, ಪರವಾಗಿಲ್ಲ. ಕಾಣದ ದೋಷಗಳು ಹೆಚ್ಚು ಅಪಾಯ. 2015ರ ಜನವರಿಯಲ್ಲಿ ಲಿನಕ್ಸಿನ ಸ್ಟೀಮ್ ಗೇಮ್ ತಂತ್ರಾಂಶದ ಒಂದು ಶೆಲ್ ಸ್ಕ್ರಿಪ್ಟ್ ಸುದ್ದಿಯಾಗಿತ್ತು. ಫೋಲ್ಡರಿನ ದಾರಿ ಇರಬೇಕಾದ ವೇರಿಯಬಲ್ ಖಾಲಿ ಬಿದ್ದಿತ್ತು. ಆ ಫೋಲ್ಡರಿನೊಳಗಿನದನ್ನು ಅಳಿಸು ಅನ್ನುವ ಸಾಲು, ಡಿಸ್ಕಿನ ಬುಡದಿಂದ ಎಲ್ಲ ಅಳಿಸು ಅಂತಾಯಿತು. ಬಳಕೆದಾರರ ಸ್ವಂತ ಫೈಲುಗಳು ಹೋದವು. ಖಾಲಿ ವೇರಿಯಬಲ್ ಕಂಡರೆ ನಿಲ್ಲು ಅಂತ ಶೆಲ್‌ಗೆ ಹೇಳಲು ಒಂದು ಸಾಲು ಸಾಕು, ತಾನಾಗಿ ಅದು ನಿಲ್ಲುವುದಿಲ್ಲ.

ಬ್ಯಾಕಪ್ಪಿನಲ್ಲಿ ಇದಕ್ಕಿಂತ ಮೌನವಾದ ಗುಂಡಿ ಇದೆ. ಡೇಟಾಬೇಸನ್ನು ಹೊರತೆಗೆಯುವ ಆದೇಶ, ಅದರ ಮುಂದೆ ಪೈಪ್, ಆಮೇಲೆ ಜಿಜಿಪ್. ಎಲ್ಲ ಕಡೆ ಹೀಗೇ ಬರೆಯುತ್ತಾರೆ. ಪಾಸ್‌ವರ್ಡ್ ಬದಲಾಗಿ ಮೊದಲ ಆದೇಶ ಸೋತಿತು ಅನ್ನಿ. ಜಿಜಿಪ್ ಮಾತ್ರ ಬಂದ ಶೂನ್ಯವನ್ನೇ ಶ್ರದ್ಧೆಯಿಂದ ಕುಗ್ಗಿಸಿ, ಕೆಲಸ ಆಯ್ತು ಅನ್ನುತ್ತದೆ. ಪೈಪಿನಲ್ಲಿ ಕೊನೆಯವನ ಮಾತನ್ನೇ ಶೆಲ್ ನಂಬುವುದು. ದಿನಾ ರಾತ್ರಿ ತಾರೀಕು ಹಾಕಿದ ಹೊಸ ಫೈಲು ಬರುತ್ತಲೇ ಇರುತ್ತದೆ, ಒಂದೊಂದೂ 20 ಬೈಟ್. ಏನೂ ಇಲ್ಲದ್ದನ್ನು ಜಿಜಿಪ್ ಮಾಡಿದರೆ ಸಿಗುವ ಗಾತ್ರ ಅದು. ಫೈಲ್ ಇದೆಯಾ ಅಂತ ಮಾತ್ರ ನೋಡಿ ಗಾತ್ರ ನೋಡದವರಿಗೆ ಇದು ಗೊತ್ತಾಗೋದು ಡಿಸ್ಕ್ ಸುಟ್ಟ ದಿನ. ಬ್ಯಾಷ್‌ನಲ್ಲಿ ಪೈಪ್‌ಫೇಲ್ ಅನ್ನುವ ಆಯ್ಕೆ ಹಾಕಿದರೆ ಯಾವ ಕೊಂಡಿ ಸೋತರೂ ಸೋಲು ಅಂತ ಲೆಕ್ಕ ಹಿಡಿಯುತ್ತದೆ. ಶೆಲ್‌ಚೆಕ್ ಎಂಬ ಉಚಿತ ತಂತ್ರಾಂಶ ನೀವು ಬರೆದ ಸ್ಕ್ರಿಪ್ಟ್ ಓದಿ, ಉದ್ಧರಣ ಚಿಹ್ನೆ ಬಿಟ್ಟಿರುವ ಕಡೆಗಳನ್ನು ತೋರಿಸುತ್ತದೆ. ಇವೆರಡನ್ನು ಕಾಲೇಜಿನಲ್ಲಿ ಹೇಳಿಕೊಡಲು ಒಂದು ಪೀರಿಯಡ್ ಸಾಕು. ವಿಟಿಯು ಪಠ್ಯದಲ್ಲಿ ಸಿ, ಜಾವಾ, ಪೈಥಾನ್ ಎಲ್ಲ ಇವೆ. ಆದರೆ ಬ್ಯಾಕಪ್ಪನ್ನು ಮರಳಿ ತೆರೆದು ನೋಡುವ ಪಾಠಕ್ಕೆ ಲ್ಯಾಬಿನಲ್ಲಿ ಅಂಕ ಕೊಟ್ಟದ್ದನ್ನು ನಾನಂತೂ ನೋಡಿಲ್ಲ.

ಎಲ್ಲಿ ಗೆರೆ ಎಳೆಯೋದು? ಗೂಗಲ್ ತನ್ನ ಎಂಜಿನಿಯರುಗಳಿಗೆ ಮಾಡಿಕೊಂಡ ಶೆಲ್ ನಿಯಮಾವಳಿಯಲ್ಲಿ ನೂರು ಸಾಲು ದಾಟಿದರೆ ಬೇರೆ ಭಾಷೆಗೆ ಹೋಗಿ ಅನ್ನುತ್ತದೆ. ನಮ್ಮ ಕಚೇರಿಗಳಿಗೆ ನಾನು ಇನ್ನೂ ಬಿಗಿ ಮಾಡುತ್ತೇನೆ: ಸ್ಕ್ರಿಪ್ಟ್ ಒಂದು ಪರದೆಯಲ್ಲಿ ಹಿಡಿಸದಿದ್ದರೆ, ಅಥವಾ ಅದು ಒಬ್ಬ ಮನುಷ್ಯನ ಹೆಸರನ್ನು ಮುಟ್ಟುವುದಾದರೆ, ಶೆಲ್ ಬಿಟ್ಟು ಪೈಥಾನ್ ಹಿಡಿಯಿರಿ.

ಹಳೆಯ ನುಡಿ ಫೈಲುಗಳು ಈ ಗೆರೆಗೆ ಒಳ್ಳೆಯ ಉದಾಹರಣೆ. ಯೂನಿಕೋಡಿಗೆ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕನ್ನಡವಾಗಿ ಕಾಣುತ್ತದೆ, ಫೈಲಿನ ಒಳಗೆ ಇರೋದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಇದನ್ನು ಯೂನಿಕೋಡಿಗೆ ತರಲು ಶೆಲ್ಲಿನ ಸೆಡ್ ಬಳಸಿ 'ಇದರ ಬದಲು ಅದು' ಅಂತ ಸಾಲು ಸಾಲು ಬರೆಯಲು ಹೊರಟರೆ ಅರ್ಕಾವತ್ತಿನಲ್ಲಿ ಸಿಕ್ಕಿಬೀಳುತ್ತೀರಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮ, 'ರ್' ಮೊದಲು. ಅಂದರೆ ಚಿಹ್ನೆ ಬದಲಿಸಿದರೆ ಸಾಲದು, ಒಂದು ಇಡೀ ಅಕ್ಷರದಷ್ಟು ಹಿಂದಕ್ಕೆ ಹೋಗಿ ಜಾಗವನ್ನೂ ಬದಲಿಸಬೇಕು. ಪೈಥಾನ್‌ನಲ್ಲಿ ಇದಕ್ಕೆ ಒಂದು ಸಣ್ಣ ಫಂಕ್ಷನ್ ಬರೆದು, ಹತ್ತು ಪದ ಕೊಟ್ಟು ಪರೀಕ್ಷಿಸಬಹುದು. ಸೆಡ್‌ನಲ್ಲಿ ಬರೆದರೆ ಬರೆದವನಿಗೇ ಮರುದಿನ ಅರ್ಥವಾಗುವುದಿಲ್ಲ.

ವಿಂಡೋಸ್ ಇರುವ ಕಡೆ

ತಾಲ್ಲೂಕು ಮಟ್ಟದ ಬಹುಪಾಲು ಮೇಜುಗಳ ಮೇಲಿರೋದು ವಿಂಡೋಸ್, ಅಲ್ಲಿ ಪೈಥಾನ್ ಮೊದಲೇ ಇರುವುದಿಲ್ಲ. ಹೊಸ ತಂತ್ರಾಂಶ ಹಾಕಲು ಎಷ್ಟೋ ಕಡೆ ಅನುಮತಿಯೂ ಸಿಗಲ್ಲ. 2006ರಿಂದ ಇರುವ ಪವರ್‌ಶೆಲ್ ಮಾತ್ರ ವಿಂಡೋಸ್ ಜೊತೆಗೇ ಬರುತ್ತದೆ. ಬಳಕೆದಾರರ ಖಾತೆ, ಪ್ರಿಂಟರ್, ವಿಂಡೋಸ್ ಸೇವೆಗಳನ್ನು ನಿಭಾಯಿಸಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಕನ್ನಡದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ವಿಂಡೋಸ್ 10, 11ರ ಜೊತೆ ಬರೋದು ಪವರ್‌ಶೆಲ್ 5.1. ಅದರಲ್ಲಿ ಒಂದು ಪಟ್ಟಿಯನ್ನು ಸಿಎಸ್‌ವಿ ಆಗಿ ಉಳಿಸು ಅಂದರೆ, ಬೇರೇನೂ ಹೇಳದಿದ್ದಲ್ಲಿ ಆಸ್ಕಿ ರೂಪದಲ್ಲಿ ಉಳಿಸುತ್ತದೆ. ಆಸ್ಕಿಯಲ್ಲಿ ಕನ್ನಡ ಇಲ್ಲ, ಹಾಗಾಗಿ ಪ್ರತಿ ಸಂಕೇತದ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಅದು ಫಾಂಟಿನ ತೊಂದರೆ ಅಲ್ಲ, ಫಾಂಟ್ ಬದಲಿಸಿದರೆ ಬರುವುದಿಲ್ಲ. ಹೆಸರು ನಿಜಕ್ಕೂ ಅಳಿಸಿಹೋಗಿದೆ. ಉಳಿಸುವಾಗ ಯುಟಿಎಫ್-8 ಅಂತ ಸ್ಪಷ್ಟವಾಗಿ ಬರೆದರೆ ಈ ಅನಾಹುತ ಆಗಲ್ಲ. ಪವರ್‌ಶೆಲ್ 7ರಲ್ಲಿ ಅದು ತಾನಾಗಿಯೇ ಯುಟಿಎಫ್-8, ಆದರೆ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಪೈಥಾನ್‌ನಿಂದ ಉಳಿಸಿದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಕನ್ನಡ ಕಲಸುಮೇಲೋಗರವಾಗಿ ಕಂಡರೆ ಕಾರಣ ಬೇರೆ. ಫೈಲಿನ ಶುರುವಿನಲ್ಲಿ ಇದು ಯುಟಿಎಫ್-8 ಅಂತ ಹೇಳುವ ಗುರುತಿಲ್ಲ ಅಷ್ಟೆ. ಆ ಗುರುತಿನೊಂದಿಗೆ ಉಳಿಸುವ ಆಯ್ಕೆ ಪೈಥಾನ್‌ನಲ್ಲಿದೆ. ಇಲ್ಲಿ ಹೆಸರು ಎಲ್ಲೂ ಹೋಗಿಲ್ಲ.

ಗೋ ಭಾಷೆಯ ಬಗ್ಗೆ ಒಂದೇ ಮಾತು. ಎಲ್ಲವನ್ನೂ ಒಂದೇ ಫೈಲಿಗೆ ಕಟ್ಟಿಕೊಡುವುದು ಅದರ ಗುಣ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಏನನ್ನೂ ಇನ್‌ಸ್ಟಾಲ್ ಮಾಡದೆ ಓಡಿಸಬಹುದು. ಆದರೆ ಕಟ್ಟಿದ ಫೈಲು ತೆರೆದರೆ ಒಳಗೇನಿದೆ ಅಂತ ಯಾರಿಗೂ ಓದಲಾಗದು. ಮೂಲ ಬರಹ ನಿಮ್ಮ ಲ್ಯಾಪ್‌ಟಾಪಿನಲ್ಲೇ ಉಳಿದು, ನೀವು ಪುಣೆಗೆ ಹೋದರೆ ಆ ಕಚೇರಿಗೆ ಉಳಿಯೋದು ಮುಚ್ಚಿದ ಡಬ್ಬಿ.

ನಿಮ್ಮ ನಂತರ ಓದುವವರು

ಎರಡನೆಯ ಪ್ರಶ್ನೆಗೆ ಬಂದೆವು. ಬೀದರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿಲ್ಲೆ 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗ. ನಿಜಾಮರ ಆಡಳಿತ ಭಾಷೆ ಉರ್ದು. ಆ ಕಾಲದ ಹೊಲದ ಕಾಗದ ಮನೆಯಲ್ಲಿ ಸಿಕ್ಕರೆ ಮೊದಲು ಹುಡುಕಬೇಕಾದದ್ದು ಅದನ್ನು ಓದಬಲ್ಲವರನ್ನು. 2023ರಲ್ಲಿ ಗಡಿಯಾಚೆ ಮರಾಠವಾಡದಲ್ಲಿ ಇದು ದೊಡ್ಡದಾಗಿ ನಡೆಯಿತು. ಕುಣಬಿ ನಮೂದು ಹುಡುಕಲು ಮಹಾರಾಷ್ಟ್ರ ಸರ್ಕಾರ ನ್ಯಾಯಮೂರ್ತಿ ಸಂದೀಪ್ ಶಿಂದೆ ಸಮಿತಿ ನೇಮಿಸಿತು. ನಿಜಾಮ್ ಕಾಲದ ದಾಖಲೆಗಳು ಉರ್ದುವಿನಲ್ಲಿ, ಮೋಡಿ ಲಿಪಿಯಲ್ಲಿ ಇದ್ದವು. ಅವನ್ನು ಓದಬಲ್ಲವರನ್ನು ಕರೆಸಬೇಕಾಯಿತು. ಒಬ್ಬ ಮನುಷ್ಯನಿಗೆ ಪ್ರಮಾಣಪತ್ರ ಸಿಗುತ್ತದೋ ಇಲ್ಲವೋ ಅನ್ನೋದು, ಬರೆದವರು ಹೋದ ಮೇಲೆ ಆ ಬರಹವನ್ನು ಓದುವವರು ಉಳಿದಿದ್ದಾರೋ ಇಲ್ಲವೋ ಅನ್ನೋದರ ಮೇಲೆ ನಿಂತಿತು.

ಸ್ಕ್ರಿಪ್ಟಿನಲ್ಲಿ ಈ ಅವಧಿ ಎಪ್ಪತ್ತು ವರ್ಷ ಅಲ್ಲ. ಹೊರಗುತ್ತಿಗೆ ಏಜೆನ್ಸಿ ಬದಲಾಗುವಷ್ಟು ದಿನ ಸಾಕು. ಹಳಬ ಹೋಗುತ್ತಾನೆ, ಹೊಸಬ ಬರುತ್ತಾನೆ, ಇಬ್ಬರೂ ಒಂದು ದಿನವೂ ಭೇಟಿಯಾಗಿರುವುದಿಲ್ಲ. ಪರ್ಲ್ ಬೇಡ ಅಂದದ್ದು ಇದಕ್ಕೇ. ಭಾಷೆ ಒಳ್ಳೆಯದು, ಆದರೆ ಭಾಲ್ಕಿಯಲ್ಲೋ ಔರಾದಿನಲ್ಲೋ ನಿಮ್ಮ ಜಾಗಕ್ಕೆ ಬರುವ ಹುಡುಗಿಗೆ ಅದು ಬರುತ್ತದೆ ಅನ್ನುವ ಸಂಭವ ಕಡಿಮೆ. ಪೈಥಾನ್ ಅವಳು ಕಾಲೇಜಿನಲ್ಲಿ ಸ್ವಲ್ಪವಾದರೂ ಓದಿರುತ್ತಾಳೆ. ಹೈದರಾಬಾದಿನ ಕಂಪನಿಗೆ ಈ ಲೆಕ್ಕ ಬೇರೆ ಇರಬಹುದು, ಅಲ್ಲಿ ಬೇಕಾದವರನ್ನು ಆರಿಸಿಕೊಳ್ಳಬಹುದು.

ಈಗ ಎಐ ಬರೆದು ಕೊಡ್ತದಲ್ಲ, ಭಾಷೆ ಯಾವುದಾದರೇನು ಅನ್ನುವವರಿದ್ದಾರೆ. ಬರೆದು ಕೊಡುತ್ತದೆ, ನಿಜ. ಆ ಸಾಲುಗಳನ್ನು ಫಲಾನುಭವಿಗಳ ಪಟ್ಟಿಯ ಮೇಲೆ ಓಡಿಸುವ ಮೊದಲು ಓದಿ ಒಪ್ಪಬೇಕಾದವರು ನೀವು. ನಿಮಗೆ ಓದಲು ಬಾರದ ಭಾಷೆಯಲ್ಲಿ ಅದನ್ನು ಬರೆಸಿಕೊಳ್ಳುವುದು, ಓದದೆ ಹೆಬ್ಬೆಟ್ಟು ಒತ್ತಿದಂತೆ.

ಇನ್ನೊಂದು ಅನುಕೂಲವನ್ನು ನಮ್ಮವರು ಬಳಸುವುದೇ ಕಡಿಮೆ. ಪೈಥಾನ್ 3ರ ಮೂಲ ಫೈಲು ಯುಟಿಎಫ್-8 ಅಂತಲೇ ಲೆಕ್ಕ, ಹಾಗಾಗಿ ಟಿಪ್ಪಣಿಗಳನ್ನು ನೇರ ಕನ್ನಡದಲ್ಲಿ ಬರೆಯಬಹುದು. ಫೈಲಿನ ತಲೆಯ ಮೇಲೆ ನಾಲ್ಕು ಸಾಲು ಸಾಕು: ಇದು ಏನು ಮಾಡುತ್ತದೆ, ಯಾವ ಯಂತ್ರದಲ್ಲಿ ಎಷ್ಟು ಗಂಟೆಗೆ ಓಡುತ್ತದೆ, ಪಾಸ್‌ವರ್ಡ್ ಯಾರ ಬಳಿ ಇದೆ, ನಿಂತರೆ ಮೊದಲು ಎಲ್ಲಿ ನೋಡಬೇಕು. ಪಾಸ್‌ವರ್ಡನ್ನೇ ಅಲ್ಲಿ ಬರೆಯಬೇಡಿ ಮತ್ತೆ. ಬೀದರಿನ ಕಚೇರಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮನೆಮಾತಿನವರು ಒಟ್ಟಿಗೆ ಕೂರುತ್ತಾರೆ. ಕನ್ನಡದ ಜೊತೆಗೆ ಅದೇ ನಾಲ್ಕು ಸಾಲು ಇಂಗ್ಲಿಷಿನಲ್ಲೂ ಇದ್ದರೆ ಯಾರಿಗೂ ತೊಡಕಿಲ್ಲ.

ಕಚೇರಿಗಳ ಪಾಲೂ ಇದರಲ್ಲಿದೆ. ಕಂಪ್ಯೂಟರ್ ಸಿಬ್ಬಂದಿಗೆ ಟೆಂಡರ್ ಕರೆಯುವಾಗ ಎಷ್ಟು ಜನ, ಎಷ್ಟು ಸಂಬಳ ಅಂತ ಬರೆಯುವ ಹಾಗೆ, ಅವರು ಬರೆದ ಸ್ಕ್ರಿಪ್ಟುಗಳ ಮೂಲ ಪ್ರತಿ ಕಚೇರಿಯದು, ಹೊರಡುವ ಮೊದಲು ಅದನ್ನು ಒಪ್ಪಿಸಿ ಓಡಿಸಿ ತೋರಿಸಬೇಕು ಅನ್ನುವ ಒಂದು ಕಲಮು ಸೇರಿಸಬಹುದು. ಕೊನೆಯ ತಿಂಗಳ ಬಿಲ್ಲಿಗೆ ಸಹಿ ಬೀಳುವ ಮುನ್ನ, ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತೆರೆದು, ಅದರಲ್ಲಿ ಅಷ್ಟೂರದ ಹೆಸರು ಅಷ್ಟೂರ ಅಂತಲೇ ಇದೆಯಾ ಅಂತ ನೋಡಲು ಹತ್ತು ನಿಮಿಷ ಹಿಡಿಯುತ್ತದೆ.